ಕೈ ಮೊದಲು, ಆಟೋಪೈಲಟ್ ಆಮೇಲೆ: ಎ320 ಟ್ರೇನಿಂಗ್‌ನಲ್ಲಿ ನನ್ನ ಅನುಭವ

ಎ320 ವಿಮಾನ ಹಾರಿಸುವುದನ್ನು ಹೊಸ ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ಕಲಿಸುತ್ತೇನೆ. ಕಳೆದ ಎರಡು ಬ್ಯಾಚ್ ಸೇರಿ ಹದಿನಾಲ್ಕು ಜನ. ಚೆಕ್‌ಗೆ (ಕೊನೆಯ ಪರೀಕ್ಷೆಗೆ) ಮುಂಚೆ ಎಕ್ಸ್‌ಟ್ರಾ ಸೆಷನ್ ಬೇಕಾಗಿದ್ದು ಒಬ್ಬರಿಗೆ ಮಾತ್ರ. ಮೊದಲೆಲ್ಲ ಹತ್ತು ಜನರಲ್ಲಿ ಮೂರು ಜನಕ್ಕಾದರೂ ಬೇಕಾಗುತ್ತಿತ್ತು. ಮೊದಲು ಕೈಯಲ್ಲಿ ಹಾರಿಸುವುದು ಕಲಿಸಿ ಆಟೋಪೈಲಟ್ ಆಮೇಲೆ ಕೊಡುವುದು ಆಗಲ್ಲ ಅಂತ ಮೂರು ವರ್ಷ ಹೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಮಸ್ಯೆ ನಿಮಗೆಲ್ಲ ಗೊತ್ತಿರುವುದೇ. ಈಗ ಬರುವ ಹುಡುಗ ಹುಡುಗಿಯರು 200 ಗಂಟೆ ಹಾರಿಸಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೊಂಡು ಬರುತ್ತಾರೆ. ವಿಮಾನದ ಕಂಪ್ಯೂಟರ್‌ಗೆ ದಾರಿ, ಲೆಕ್ಕ ಕೊಡುವ ಎಂಸಿಡಿಯು ಕೀಲಿಗಳ ಮೇಲೆ ಅವರ ಬೆರಳು ಮೊಬೈಲ್ ಮೇಲೆ ಓಡಿದ ಹಾಗೆ ಓಡುತ್ತದೆ. ಮೂಗು ಎತ್ತ ತಿರುಗಿಸಬೇಕು ಅಂತ ಪರದೆಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿ ನೋಡಿ, ಸೈಡ್‌ಸ್ಟಿಕ್ (ವಿಮಾನ ತಿರುಗಿಸುವ ಕೋಲು) ಹಿಡಿದ ಬೆರಳಿನ ಗಿಣ್ಣು ಬೆಳ್ಳಗಾಗುತ್ತದೆ. ಲೈನ್‌ಗೆ, ಅಂದರೆ ಪ್ರಯಾಣಿಕರ ವಿಮಾನಕ್ಕೆ, ಹೋದ ಮೇಲೆ ಕಲಿಯುತ್ತಾರೆ ಅನ್ನೋಣ ಅಂದರೆ ಅದಕ್ಕೂ ಜಾಗವಿಲ್ಲ. ಬೆಂಗಳೂರು-ದೆಹಲಿ ಎರಡೂವರೆ ಗಂಟೆಗೂ ಜಾಸ್ತಿ, ಅದರಲ್ಲಿ ಕೈಯಲ್ಲಿ ಹಾರಿಸುವುದು ನಾಲ್ಕೈದು ನಿಮಿಷ. ಮೇಲೆ 29,000 ಅಡಿ ದಾಟಿದರೆ ಆರ್‌ವಿಎಸ್‌ಎಂ, ಅಂದರೆ ವಿಮಾನಗಳು ಒಂದರ ಮೇಲೊಂದು ಕಮ್ಮಿ ಅಂತರದಲ್ಲಿ ಹಾರುವ ವಲಯ, ಅಲ್ಲಿ ಆಟೋಪೈಲಟ್ ಬೇಕೇ ಬೇಕು.

ನನಗೆ ಈ ವಿಷಯ ಹತ್ತಿರದ್ದು. 1990ರ ಫೆಬ್ರವರಿ 14ರಂದು ಎಚ್‌ಎಎಲ್ ಏರ್‌ಪೋರ್ಟ್ ಪಕ್ಕದ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ 605ನೇ ಫ್ಲೈಟ್, ಒಂದು ಎ320, ಬಿತ್ತು. 146 ಜನರಲ್ಲಿ 92 ಜನ ಹೋದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಮುರುಗೇಶಪಾಳ್ಯದ ನಮ್ಮ ಮನೆಯ ತಾರಸಿಯಿಂದ ಹೊಗೆ ಕಾಣುತ್ತಿತ್ತು. ವಿಮಾನ ಓಪನ್ ಡಿಸೆಂಟ್‌ನಲ್ಲಿತ್ತು (ಎಂಜಿನ್ ಕನಿಷ್ಠ ಪವರ್‌ನಲ್ಲಿಟ್ಟು, ಮೂಗಿನಿಂದ ಸ್ಪೀಡ್ ಹಿಡಿದು ಇಳಿಯುವ ವಿಧಾನ), ಎಂಜಿನ್ ಐಡಲ್, ಸ್ಪೀಡ್ ಕರಗುತ್ತಾ ಹೋಯಿತು, ಪವರ್ ಕೊಡುವಷ್ಟರಲ್ಲಿ ತಡವಾಗಿತ್ತು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ನಾನೇ ಎ320 ಟೈಪ್ ರೇಟಿಂಗ್ (ಆ ವಿಮಾನ ಹಾರಿಸುವ ಅರ್ಹತೆ) ಮಾಡುವಾಗ.

ಮೊದಲ ಸಲ ನಾನು ಮಾಡಿದ್ದು ಒರಟು ಕೆಲಸ. ವಿಮಾನದ ಹಾಗೇ ಅಲ್ಲಾಡುವ ಫುಲ್ ಫ್ಲೈಟ್ ಸಿಮ್‌ನಲ್ಲಿ ಮೊದಲ ದಿನವೇ ಎಲ್ಲ ಆಫ್ ಮಾಡಿಸಿ ರಾ ಡೇಟಾ ಐಎಲ್‌ಎಸ್ ಹೊಡೆಸಿದೆ, ಅಂದರೆ ರನ್‌ವೇಯ ರೇಡಿಯೊ ಸಂಕೇತ ಮಾತ್ರ ನೋಡಿ ಕೈಯಲ್ಲೇ ಇಳಿಸುವುದು. ಹುಡುಗ ರನ್‌ವೇಯ ನೇರ ತೋರಿಸುವ ಲೋಕಲೈಸರ್ ಹಿಂದೆ ಓಡಿದ, ಸ್ಪೀಡ್ ಮೂವತ್ತು ನಾಟ್ ಬಿದ್ದಿದ್ದು ನೋಡಲೇ ಇಲ್ಲ. ಕೊನೆಗೆ, ಸ್ಪೀಡ್ ತೀರಾ ಕಮ್ಮಿಯಾದರೆ ತಾನಾಗಿ ಪೂರ್ತಿ ಪವರ್ ಕೊಡುವ ಆಲ್ಫಾ ಫ್ಲೋರ್ ಬಂತು, ಎಂಜಿನ್ ಗರ್ಜಿಸಿತು, ಅವನು ಉಸಿರು ಬಿಟ್ಟ. ಅಂದರೆ ಅವನು ಅವತ್ತು ಕಲಿತದ್ದು ಏನು? ನಾನು ಮರೆತರೂ ವಿಮಾನ ಕಾಪಾಡುತ್ತದೆ ಅಂತ. ನನಗೆ ಬೇಕಾಗಿದ್ದಕ್ಕೆ ತದ್ವಿರುದ್ಧ. ಅಂಥ ಎರಡು ಸೆಷನ್, ನಾಲ್ಕು ನಾಲ್ಕು ಗಂಟೆ, ಗಂಟೆಗೆ ಮೂವತ್ತು ಸಾವಿರದ ಆಸುಪಾಸು. ಎರಡೂವರೆ ಲಕ್ಷ ನೀರಿಗೆ ಹೋಯಿತು.

ಎರಡನೇ ಪ್ರಯತ್ನ, ಪ್ರತಿ ಸೆಷನ್ ಕೊನೆಯಲ್ಲಿ ಇಪ್ಪತ್ತು ನಿಮಿಷ ಕೈ ಹಾರಾಟ. ಇದು ಇನ್ನೂ ಕೆಟ್ಟದ್ದು. ಎಂಜಿನ್ ಫೇಲ್ಯೂರ್, ಗೋ-ಅರೌಂಡ್ (ಇಳಿಯದೆ ಮತ್ತೆ ಏರುವುದು) ಎಲ್ಲ ಮುಗಿಸಿ ಸುಸ್ತಾದವರಿಗೆ ಅದು ಶಿಕ್ಷೆಯ ಹಾಗೆ ಕಂಡಿತು. ಕಲಿತದ್ದು ಹೆದರಿಕೆ ಮಾತ್ರ. ಒಬ್ಬ ಸೀನಿಯರ್ ಕ್ಯಾಪ್ಟನ್ ಎಲ್ಲರ ಎದುರಿಗೇ ಅಂದರು, "ಜೆಟ್ ಕಲಿಯೋಕೆ ಬಂದ ಹುಡುಗರಿಗೆ ಎತ್ತಿನ ಗಾಡಿ ಹೊಡೆಯೋದು ಕಲಿಸ್ತಾ ಇದೀರಲ್ರೀ."

ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ಸಿಲಬಸ್ ಮುಟ್ಟುವ ಹಾಗಿಲ್ಲ. ಹಾಗಾಗಿ ಅದು ಶುರುವಾಗುವ ಮೊದಲೇ ಫಿಕ್ಸೆಡ್ ಬೇಸ್‌ನಲ್ಲಿ ಎರಡು ಸೆಷನ್ ಇಟ್ಟುಕೊಂಡೆ. ಅಲ್ಲಾಡದ ಸಿಮ್, ಬಾಡಿಗೆ ಸುಮಾರು ಮೂರನೇ ಒಂದು ಪಾಲು, ರಾತ್ರಿ ಎರಡು ಗಂಟೆಯ ಸ್ಲಾಟ್ ಆದರೆ ಇನ್ನೂ ಕಮ್ಮಿ. ಟ್ರೇನಿಗಳು ಇಬ್ಬಿಬ್ಬರಾಗಿ ಬರುತ್ತಾರೆ, ಮೊದಲ ಎರಡು ಜೋಡಿಗೆ ನನ್ನ ಕೈಯಿಂದಲೇ ಕೊಟ್ಟೆ, ಒಂದೂವರೆ ಲಕ್ಷದ ಹತ್ತಿರ. ಮನೆಯಲ್ಲಿ ಹೇಳಿದ್ದು ಆಮೇಲೆ.

ಮೊದಲ ಎರಡು ಗಂಟೆ ಐಎಲ್‌ಎಸ್ ಹೆಸರೇ ಎತ್ತುವುದಿಲ್ಲ. ಆಟೋಪೈಲಟ್ ಇಲ್ಲ, ಫ್ಲೈಟ್ ಡೈರೆಕ್ಟರ್ ಇಲ್ಲ, ಪವರ್ ತಾನೇ ನೋಡಿಕೊಳ್ಳುವ ಆಟೋಥ್ರಸ್ಟ್ ಇಲ್ಲ. ನೇರವಾಗಿ ಹೋಗು, 250 ನಾಟ್‌ನಿಂದ 210ಕ್ಕೆ ಬಾ, ಮತ್ತೆ 250ಕ್ಕೆ ಹೋಗು, ಅಷ್ಟೇ. ಪಿಚ್ (ಮೂಗಿನ ಕೋನ) ಮತ್ತು ಪವರ್ ಬಾಯಿಪಾಠ ಆಗಬೇಕು. ಕ್ಲೀನ್‌ನಲ್ಲಿ (ಫ್ಲಾಪ್, ಚಕ್ರ ಒಳಗಿದ್ದಾಗ) 250ಕ್ಕೆ ಮೂಗು ಮೂರು-ನಾಲ್ಕು ಡಿಗ್ರಿ, ಎನ್‌ಒನ್ (ಎಂಜಿನ್ ಫ್ಯಾನ್ ವೇಗ, ಶೇಕಡಾ ಲೆಕ್ಕದಲ್ಲಿ) 60ರ ಹತ್ತಿರ. ಫುಲ್ ಫ್ಲಾಪ್‌ನಲ್ಲಿ ಗ್ಲೈಡ್‌ಸ್ಲೋಪ್ (ಇಳಿಯುವ ಇಳಿಜಾರು ತೋರಿಸುವ ಸಂಕೇತ) ಮೇಲೆ ಎರಡೂವರೆ-ಮೂರು ಡಿಗ್ರಿ, 50-55. ತೂಕಕ್ಕೆ ತಕ್ಕ ಹಾಗೆ ನೀವು ಸರಿಮಾಡಿಕೊಳ್ಳಿ. ಎಲ್ಲರೂ ಮೊದಲು ಸ್ಟಿಕ್ಕನ್ನು ಮುದ್ದೆ ತಿರುವಿದ ಹಾಗೆ ತಿರುವುತ್ತಾರೆ. ಎ320 ತಾನೇ ಟ್ರಿಮ್ ಮಾಡಿಕೊಳ್ಳುತ್ತದೆ, ಕೈ ಬಿಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಅದಕ್ಕೆ ನನ್ನ ಮಾತು ಮೂರೇ: ಒತ್ತು, ಬಿಡು, ನೋಡು. ಸುಮಾರು ನಲವತ್ತು ನಿಮಿಷಕ್ಕೆ ಭುಜ ಇಳಿಯುತ್ತದೆ. ಅದು ಇಳಿಯುವವರೆಗೆ ನಾನು ಮುಂದೆ ಹೋಗುವುದಿಲ್ಲ.

ಆಮೇಲೆ ಒಂದೊಂದೇ ಸೇರಿಸುತ್ತೇನೆ. ಮೊದಲು ಫ್ಲೈಟ್ ಡೈರೆಕ್ಟರ್, ಆಮೇಲೆ ಆಟೋಥ್ರಸ್ಟ್, ಕಟ್ಟಕಡೆಗೆ ಆಟೋಪೈಲಟ್. ಆಟೋಥ್ರಸ್ಟ್ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಏರ್‌ಬಸ್‌ನಲ್ಲಿ ಪವರ್ ಲಿವರ್ ತಾನಾಗಿ ಓಡಾಡುವುದಿಲ್ಲ, ಎಂಜಿನ್ ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗಲ್ಲ. ಆಫ್ ಮಾಡುವ ಮುಂಚೆ ಲಿವರ್ ಎಳೆದು ಸಣ್ಣ ಉರುಟು ಗುರುತನ್ನು ಎನ್‌ಒನ್ ಮುಳ್ಳಿಗೆ ಕೂರಿಸಬೇಕು, ಆಮೇಲೆ ಬಟನ್. ಸುಮ್ನೆ ಬಟನ್ ಒತ್ತಿದರೆ ಪವರ್ ಕ್ಲೈಂಬ್‌ಗೆ ನೆಗೆಯುತ್ತದೆ. ಇದೊಂದನ್ನೇ ಹದಿನೈದು-ಇಪ್ಪತ್ತು ಸಲ ಮಾಡಿಸುತ್ತೇನೆ.

ಆಲ್ಫಾ ಫ್ಲೋರ್ ಬಂದು ಕಾಪಾಡದ ಹಾಗೆ ಯಾವ ಫೇಲ್ಯೂರ್ ಕೊಡುತ್ತೇನೆ, ಯಾವ ಹಂತದಲ್ಲಿ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಟ್ರೇನಿಗಳೂ ಓದುತ್ತಾರೆ.

ನಡುವೆ ಒಂದು ಪ್ರಯೋಗ ಮಾಡಿದೆ. ಆರು ಸಾವಿರದ ಜಾಯ್‌ಸ್ಟಿಕ್ ತಂದು ಮನೆಯ ಕಂಪ್ಯೂಟರ್‌ನಲ್ಲಿ ಕೂರಿಸಿದೆ. ಕಣ್ಣು ಓಡಿಸುವುದಕ್ಕೆ ಒಳ್ಳೆಯದು, ಕೈಗೆ ಕೆಟ್ಟ ಅಭ್ಯಾಸ. ಬಿಟ್ಟೆ. ಇನ್ನೊಂದು ಮಾತ್ರ ಚಿನ್ನದಂಥದ್ದು. ಈಗ ಯಾವ ಮೋಡ್ ಓಡುತ್ತಿದೆ ಅಂತ ಪರದೆಯಲ್ಲಿ ತೋರಿಸುವ ಎಫ್‌ಎಂಎ ಓದು ಅಂದರೆ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಾರೆ, "ಥ್ರಸ್ಟ್ ಐಡಲ್, ಓಪನ್ ಡಿಸೆಂಟ್" ಅಂತ. ಒಂದು ದಿನ ಶಿವಮೊಗ್ಗದ ಹುಡುಗಿಯೊಬ್ಬಳಿಗೆ ಬ್ರೀಫಿಂಗ್ ಮುಗಿದ ಮೇಲೆ ಕನ್ನಡದಲ್ಲೇ ಕೇಳಿದೆ, "ಈಗ ಸ್ಪೀಡ್ ಯಾರಮ್ಮ ನೋಡ್ಕೊಳ್ತಿರೋದು?" ಅರ್ಧ ನಿಮಿಷ ಮಾತಿಲ್ಲ. ಆಮೇಲೆ ಅಂದಳು, "ಎಂಜಿನ್ ಅಲ್ಲ ಸಾರ್. ಮೂಗು. ನಾನು ಮೂಗು ಎತ್ತಿದರೆ ಯಾರೂ ನೋಡ್ಕೊಳ್ತಿಲ್ಲ." 1990ರ ಪಾಠ ಪೂರ್ತಿ ಆ ಉತ್ತರದಲ್ಲಿತ್ತು. ಅವತ್ತಿನಿಂದ ಎಲ್ಲರಿಗೂ ಅವರವರ ಭಾಷೆಯಲ್ಲಿ ಹೇಳು ಅನ್ನುತ್ತೇನೆ. ತಮಿಳೋ ಹಿಂದಿಯೋ, ನನಗೆ ಅರ್ಧ ಅರ್ಥವಾದರೂ ಸಾಕು, ಗಿಳಿಪಾಠವೋ ಅಲ್ಲವೋ ಮುಖದಲ್ಲೇ ಕಾಣುತ್ತದೆ.

ಇದು ಹಳೆಯ ಕಾಲದ ಮಾತು ಅನ್ನುವವರಿಗೆ 2013 ನೆನಪಿಸುತ್ತೇನೆ. ಆ ಜನವರಿಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ, ಪೈಲಟ್‌ಗಳಿಗೆ ಕೈಯಲ್ಲಿ ಹಾರಿಸಲು ಅವಕಾಶ ಕೊಡಿ ಅಂತ ಏರ್‌ಲೈನ್‌ಗಳಿಗೆ ಹೇಳಿತು. ಜುಲೈ 6ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ 214, ಬೋಯಿಂಗ್ 777, ಇಳಿಯುವಾಗ ಅಪ್ಪಳಿಸಿತು. ಗ್ಲೈಡ್‌ಸ್ಲೋಪ್ ಇರಲಿಲ್ಲ, ಹವಾ ಚೆನ್ನಾಗಿತ್ತು, ಆಟೋಥ್ರಾಟಲ್ ಸ್ಪೀಡ್ ಹಿಡಿಯುತ್ತಿದೆ ಅಂದುಕೊಂಡರು, ಅದು ಹಿಡಿಯುತ್ತಿರಲಿಲ್ಲ. ಮೂರು ಜನ ಸತ್ತರು.

ಈಗ ಖರ್ಚಿನ ಲೆಕ್ಕ. ಒಂದು ಜೋಡಿಗೆ ಮೇಲಿನ ಎರಡು ಸೆಷನ್‌ಗೆ ಎಪ್ಪತ್ತು-ಎಂಬತ್ತು ಸಾವಿರ. ಉಳಿಯುವ ಒಂದು ಎಕ್ಸ್‌ಟ್ರಾ ಫುಲ್ ಸಿಮ್ ಸೆಷನ್ನೇ ಒಂದು ಲಕ್ಷದ ಮೇಲೆ, ಅದರ ಜೊತೆ ಚೆಕ್ ಮುಂದಕ್ಕೆ ಹೋಗುವ ತಲೆನೋವು. ಅಕೌಂಟ್ಸ್‌ನವರು ಮೊದಲ ವರ್ಷ ನನ್ನ ಫೈಲ್ ಮೂರು ಸಲ ವಾಪಸ್ ಕಳಿಸಿದ್ದರು. ಈ ಸಲ ಒಂದೇ ದಿನದಲ್ಲಿ ಸಹಿ ಆಯಿತು.

ಮುಂದಿನ ತಿಂಗಳಿಂದ ಹಳೇ ಕ್ಯಾಪ್ಟನ್‌ಗಳ ರಿಕರೆಂಟ್‌ನಲ್ಲೂ (ಆಗಾಗ ಮಾಡುವ ಮರುತರಬೇತಿ) ಇದಕ್ಕೆ ನಲವತ್ತು ನಿಮಿಷ ಸಿಕ್ಕಿದೆ. ಹತ್ತು ಸಾವಿರ ಗಂಟೆ ದಾಟಿದವರ ಕೈಯೂ ತುಕ್ಕು ಹಿಡಿಯುತ್ತದೆ ಅಲ್ವಾ. ಪಟ್ಟಿಯಲ್ಲಿ ಮೊದಲ ಹೆಸರು ಎತ್ತಿನ ಗಾಡಿ ಅಂದಿದ್ದ ಸೀನಿಯರ್ ಅವರದ್ದು. ತಾವೇ ಕೇಳಿ ಬರೆಸಿದ್ದಾರೆ, ಅದೂ ರಾತ್ರಿ ಎರಡು ಗಂಟೆಯ ಸ್ಲಾಟ್‌ಗೆ.