ಮಳೆ ಪುಸ್ತಕ ಬಿಚ್ಚಿ, ಪೈಥಾನ್ ಕಲಿಯಿರಿ

ಮೂಡಿಗೆರೆ ಕಡೆ ಬಹಳ ತೋಟದ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಅಳತೆ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟಿದ್ದು. ಪೈಥಾನ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ನನಗೆ ಅದೇ ಅಭ್ಯಾಸ ಪುಸ್ತಕವಾಯಿತು. ಪಾಠಗಳಲ್ಲಿ ಬರುವ ಸೇಬು, ಕಿತ್ತಳೆಯ ಲೆಕ್ಕ ತಪ್ಪಿದರೆ ಕೇಳುವವರಿಲ್ಲ. ಮನೆಯ ಮಳೆ ಲೆಕ್ಕ ತಪ್ಪಿದರೆ ಅಪ್ಪನೇ ಹೇಳುತ್ತಾರೆ.

ಮೊದಲು ಪೈಥಾನ್ 3 ಹಾಕಿಕೊಳ್ಳಿ. ಅದರದೇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಪೈಥಾನ್ 2ಕ್ಕೆ 2020ರಲ್ಲೇ ಬೆಂಬಲ ನಿಂತಿದೆ, ಅದರ ಪಾಠ ಸಿಕ್ಕರೆ ಪಕ್ಕಕ್ಕಿಡಿ. ವಿಂಡೋಸ್‌ನಲ್ಲಾದರೆ ಜೊತೆಗೇ ಬರುವ ಐಡಲ್ (ಪೈಥಾನ್ ಬರೆದು ನಡೆಸುವ ಕಿಟಕಿ) ತೆರೆದು ನಾಲ್ಕು ದಿನದ ಮಳೆಯನ್ನು ಸೆಂಟಿನಲ್ಲಿ ಹೀಗೆ ಟೈಪ್ ಮಾಡಿ:

ಮಳೆ = [85, 0, 175, 240]

ಹೌದು, ಕನ್ನಡದಲ್ಲೇ! 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ನಮ್ಮ ಲಿಪಿಯಲ್ಲೇ ಇಡಬಹುದು. ಕನ್ನಡ ಟೈಪಿಂಗ್‌ಗೆ 'ನುಡಿ' ತಂತ್ರಾಂಶ ಬಳಸುವವರು ಅದರಲ್ಲಿ ಯೂನಿಕೋಡ್ ಆರಿಸಿಕೊಳ್ಳಿ. ಪೈಥಾನ್‌ನ ಸ್ವಂತ ಆದೇಶಗಳನ್ನು ಮಾತ್ರ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಬೇಕು.

ಈಗ 'ಸಮ್' (ಎಸ್, ಯು, ಎಂ) ಎಂದು ಬರೆದು, ಕಂಸದೊಳಗೆ ಮಳೆ ಎಂದು ಕೊಟ್ಟು ಎಂಟರ್ ಒತ್ತಿ. 500 ಸೆಂಟ್ ಬರುತ್ತದೆ, ಅಂದರೆ 5 ಇಂಚು. ಮಿಲಿಮೀಟರ್ ಬೇಕಾ?

500 / 100 * 25.4

127.0 ಎಂದು ತೋರಿಸುತ್ತದೆ.

ಸುಮ್ನೆ ಇಂಚಿನಲ್ಲೇ, 0.85 ಅಂತ ಬರೆಯಬಹುದಿತ್ತು ಅಲ್ವಾ? 0.1 + 0.2 ಕೊಟ್ಟು ನೋಡಿ. 0.30000000000000004 ಬರುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ, ಒಂದರಲ್ಲೇ ಇಟ್ಟುಕೊಳ್ಳುತ್ತದೆ. ನಮ್ಮ 0.1 ಅದರಲ್ಲಿ ಪೂರ್ತಿ ಕೂರುವುದಿಲ್ಲ, ಚೂರು ಉಳಿದುಬಿಡುತ್ತದೆ. ದುಡ್ಡಿನ ಲೆಕ್ಕ ಬರೆಯುವಾಗಲೂ ರೂಪಾಯಿ ಬಿಟ್ಟು ಪೈಸೆಯಲ್ಲಿ ಬರೆಯುವುದು ವಾಸಿ.

ಮೊದಲ ದಿನದ ಮಳೆಗೆ ಮಳೆ[0] ಎನ್ನಬೇಕು, ಎಣಿಕೆ ಸೊನ್ನೆಯಿಂದ ಶುರು. ನಾಲ್ಕು ದಿನ ಇದೆಯಲ್ಲ ಅಂತ ಮಳೆ[4] ಕೇಳಿದರೆ ಎರರ್. ಕೊನೆಯ ದಿನಕ್ಕೆ ಮಳೆ[-1].

ಎರರ್ ಬಂದರೆ ಕೆಂಪಕ್ಷರದ ಕೊನೆಯ ಸಾಲನ್ನು ಮೊದಲು ಓದಿ. ನಾನು ಮೊದಮೊದಲು ಹೆದರಿ ಕಿಟಕಿಯನ್ನೇ ಮುಚ್ಚಿಬಿಡುತ್ತಿದ್ದೆ. ಪುಸ್ತಕದಲ್ಲಿ ಇದ್ದ ಹಾಗೇ 5 ಸೆಂಟನ್ನು 05 ಎಂದು ಹೊಡೆದಿದ್ದೆ. ಅಂಕಿಯ ಮುಂದೆ ಸೊನ್ನೆ ಹಾಕಿದರೆ ಪೈಥಾನ್ ಒಪ್ಪುವುದಿಲ್ಲ. ಇನ್ನೊಂದು ತಪ್ಪು ಕಣ್ಣಿಗೇ ಕಾಣುವುದಿಲ್ಲ. 'ಏಪ್ರಿಲ್‌ಮಳೆ' ಎಂದು ಹೆಸರಿಟ್ಟಾಗ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ನಡುವೆ ಒಂದು ಗುಪ್ತ ಅಕ್ಷರ ಸೇರಿಸುತ್ತದೆ. ಅದು ಹೆಸರಿನೊಳಗೆ ಇರುವಂತಿಲ್ಲ. ಇದು ಗೊತ್ತಾಗಲು ನನಗೆ ಅರ್ಧ ದಿನ ಹೋಯಿತು, ನಡುವೆ ಕರೆಂಟೂ ಹೋಯಿತು. ಏಪ್ರಿಲ್_ಮಳೆ ಎಂದು ಅಡಿಗೆರೆ ಹಾಕಿದರೆ ಕಿರಿಕಿರಿ ಇಲ್ಲ.

ಮಾರ್ಚ್ ತಿಂಗಳದ್ದು ಪೂರ್ತಿ ಹಾಕಿ ಅಪ್ಪನಿಗೆ ತೋರಿಸಿದೆ. "40 ಸೆಂಟ್ ಕಮ್ಮಿ ಇದೆಯಲ್ಲೋ" ಎಂದರು. ಪಟ್ಟಿಯಲ್ಲಿ ಎಷ್ಟು ಅಂಕಿ ಇವೆ ಎಂದು ಹೇಳುವ 'ಲೆನ್' (ಎಲ್, ಇ, ಎನ್) ಆದೇಶ ಕೊಟ್ಟೆ. 30 ಎಂದಿತು. ಮಾರ್ಚ್‌ಗೆ 31 ದಿನ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನವನ್ನೇ ಬಿಟ್ಟಿದ್ದೆ.