ಬಿಎಂಡಬ್ಲ್ಯೂ ಎಂ5: ಎಂ1, ಎಂ2 ಬಟನ್‌ಗಳಿಗೆ ಯಾವ ಸೆಟ್ಟಿಂಗ್ ಕೊಡಬೇಕು

ಎಫ್90 (ಈ ತಲೆಮಾರಿನ ಎಂ5ಗೆ ಬಿಎಂಡಬ್ಲ್ಯೂ ಕೊಟ್ಟ ಸಂಕೇತ) ಎಂ5ನಲ್ಲಿ 600 ಪಿಎಸ್ ಶಕ್ತಿ, 750 ಎನ್‌ಎಂ ಟಾರ್ಕ್ ಇದೆ. ಇದರಲ್ಲಿ ಎಂಜಿನ್, ಸಸ್ಪೆನ್ಷನ್, ಸ್ಟೀರಿಂಗ್, ಗೇರ್ ಬಾಕ್ಸ್, ಡಿಎಸ್‌ಸಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇವನ್ನೆಲ್ಲ ಬೇರೆಬೇರೆಯಾಗಿಯೇ ಹೊಂದಿಸಿ, ಸ್ಟೀರಿಂಗ್ ಮೇಲಿನ ಎಂ1, ಎಂ2 ಬಟನ್‌ಗಳಲ್ಲಿ ಉಳಿಸಿಡಬಹುದು. ಹೆಚ್ಚಿನವರು ಮಾಡುವ ತಪ್ಪು ಒಂದೇ: ಎಲ್ಲವನ್ನೂ ಸ್ಪೋರ್ಟ್ ಪ್ಲಸ್‌ಗೆ ಏರಿಸಿಬಿಡುವುದು. ಇಲ್ಲಿ ಹೇಳಿರುವುದು 2020ರ ಬದಲಾವಣೆಗೆ ಮುಂಚಿನ ಕಾರಿನ ಬಟನ್‌ಗಳ ಲೆಕ್ಕ.

ಎಂಜಿನ್, ಸಸ್ಪೆನ್ಷನ್, ಸ್ಟೀರಿಂಗ್ ಬಟನ್‌ಗಳು ಗೇರ್ ಲಿವರ್ ಪಕ್ಕದಲ್ಲೇ ಸಿಗುತ್ತವೆ. ಗೇರ್ ಎಷ್ಟು ಚುರುಕಾಗಿ ಬದಲಾಗಬೇಕೆಂದು ಹೇಳುವ ಡ್ರೈವ್‌ಲಾಜಿಕ್ ಮಾತ್ರ ಲಿವರ್‌ನ ನೆತ್ತಿಯ ಮೇಲಿದೆ, 1ರಿಂದ 3ರವರೆಗೆ. ಲಿವರನ್ನು ಬಲಕ್ಕೆ ತಳ್ಳಿದರೆ ಡಿ, ಇನ್ನೊಮ್ಮೆ ತಳ್ಳಿದರೆ ಎಸ್. ಎಸ್‌ನಲ್ಲಿ ಗೇರ್ ನೀವೇ ಬದಲಿಸಬೇಕು, ಮುಳ್ಳು ಕೆಂಪು ಗೆರೆ ಮುಟ್ಟಿದರೂ ಗೇರ್ ತಾನಾಗಿ ಮೇಲೇರುವುದಿಲ್ಲ.

ದಿನದ ಓಡಾಟಕ್ಕೆ ಎಂ1. ಎಂಜಿನ್ ಸ್ಪೋರ್ಟ್, ಡ್ರೈವ್‌ಲಾಜಿಕ್ 2, ಸಸ್ಪೆನ್ಷನ್ ಕಂಫರ್ಟ್, ಸ್ಟೀರಿಂಗ್ ಕಂಫರ್ಟ್, ಡಿಎಸ್‌ಸಿ ಆನ್. ಎಂಜಿನ್ ಸ್ಪೋರ್ಟ್ ಪ್ಲಸ್‌ನಲ್ಲಿದ್ದರೆ ಆಕ್ಸಿಲರೇಟರ್ ಮೇಲೆ ಕಾಲು ಸ್ವಲ್ಪ ಭಾರವಾದರೂ ಕಾರು ಜಗ್ಗುತ್ತದೆ. ಟ್ರಾಫಿಕ್‌ನಲ್ಲಿ ಅದು ಬೇಡವೇ ಬೇಡ. ಸ್ಟೀರಿಂಗ್‌ನ ಸ್ಪೋರ್ಟ್ ಕೈಗೆ ಭಾರ ಕೊಡುತ್ತದೆ, ಆದರೆ ರಸ್ತೆ ಇನ್ನಷ್ಟು ತಿಳಿಯುವುದಿಲ್ಲ. ಅದಕ್ಕೇ ಕಂಫರ್ಟ್ ಸಾಕು ಅನ್ನುವುದು.

ಸಸ್ಪೆನ್ಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ತೇಪೆ ಹಾಕಿದ ರಸ್ತೆಯ ತಿರುವಿನಲ್ಲಿ ಸ್ಪೋರ್ಟ್ ಪ್ಲಸ್ ಇದ್ದರೆ ಡ್ಯಾಂಪರ್ ಬಿಗಿಯಾಗಿರುತ್ತದೆ, ಏರುಪೇರನ್ನು ನುಂಗಿಕೊಳ್ಳುವುದಿಲ್ಲ. ಚಕ್ರ ಪ್ರತಿ ಉಬ್ಬಿಗೂ ಕುಪ್ಪಳಿಸುತ್ತದೆ. ಕುಪ್ಪಳಿಸಿದ ಆ ಕ್ಷಣ ಟೈರ್‌ಗೆ ಹಿಡಿತವೇ ಇಲ್ಲ. ನುಣುಪಾದ ರೇಸ್ ಟ್ರ್ಯಾಕ್‌ಗೆ ಸರಿ, ಚಾರ್ಮಾಡಿ ಘಾಟಿಗೆ ಕಂಫರ್ಟೇ ವೇಗ.

ಖಾಲಿಯಾದ, ಒಣಗಿದ, ಒಳ್ಳೆಯ ರಸ್ತೆಗೆ ಎಂ2. ಎಂಜಿನ್ ಸ್ಪೋರ್ಟ್ ಪ್ಲಸ್, ಡ್ರೈವ್‌ಲಾಜಿಕ್ 3, ಸಸ್ಪೆನ್ಷನ್ ಸ್ಪೋರ್ಟ್, ಡಿಎಸ್‌ಸಿ ಬದಲು ಎಂಡಿಎಂ (ಎಂ ಡೈನಾಮಿಕ್ ಮೋಡ್, ಅಂದರೆ ಸ್ವಲ್ಪ ಜಾರಲು ಬಿಡುವ ಡಿಎಸ್‌ಸಿ). ಡಿಎಸ್‌ಸಿ ಬಟನ್ ಒಮ್ಮೆ ಚಿಕ್ಕದಾಗಿ ಒತ್ತಿದರೆ ಎಂಡಿಎಂ. ಆಗ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಎಕ್ಸ್‌ಡ್ರೈವ್ ಕೂಡ 4ಡಬ್ಲ್ಯೂಡಿ (ನಾಲ್ಕು ಚಕ್ರ ಚಾಲನೆ) ಸ್ಪೋರ್ಟ್‌ಗೆ ಹೋಗುತ್ತದೆ, ಹಿಂದಿನ ಚಕ್ರಗಳಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಮಳೆ ಹನಿಯಿತೆಂದರೆ ಎಂ2 ಮುಟ್ಟಬೇಡಿ. ಡ್ರೈವ್‌ಲಾಜಿಕ್ 3ರಲ್ಲಿ ಗೇರ್ ಬೀಳುವಾಗಿನ ಹೊಡೆತ ಒದ್ದೆ ತಿರುವಿನಲ್ಲಿ ಹಿಂಬದಿಯನ್ನು ಜಾರಿಸಬಹುದು.

ಉಳಿಸುವುದು ಹೀಗೆ: ಎಲ್ಲವನ್ನೂ ಬೇಕಾದಂತೆ ಹೊಂದಿಸಿ, ಸ್ಟೀರಿಂಗ್ ಮೇಲಿನ ಕೆಂಪು ಎಂ1 ಅಥವಾ ಎಂ2 ಬಟನ್ ಒತ್ತಿ ಹಿಡಿಯಿರಿ. ಆ ಹೊತ್ತಿನ ಸೆಟ್ಟಿಂಗ್ ಅಲ್ಲಿ ಕೂರುತ್ತದೆ. ಮುಂದೆ ಅದನ್ನು ಕರೆಯಲು ಚಿಕ್ಕದಾಗಿ ಒತ್ತಿದರೆ ಸಾಕು. ಬೆರಳು ಹೆಚ್ಚು ಹೊತ್ತು ನಿಂತರೆ ಹಳೆಯದು ಅಳಿಸಿ ಹೊಸದು ಬರೆದುಕೊಳ್ಳುತ್ತದೆ, "ನನ್ನ ಎಂ1 ಬದಲಾಗಿದೆ" ಅನ್ನುವವರ ಸಮಸ್ಯೆ ಬಹುತೇಕ ಇದೇ. ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಡಿಎಸ್‌ಸಿ ಆನ್, 4ಡಬ್ಲ್ಯೂಡಿಗೇ ಮರಳುತ್ತದೆ, ಅದು ದೋಷವಲ್ಲ.

2ಡಬ್ಲ್ಯೂಡಿ ಸಿಗುವುದು ಡಿಎಸ್‌ಸಿ ಪೂರ್ತಿ ಆಫ್ ಇದ್ದಾಗ ಮಾತ್ರ. ಅಂದರೆ 750 ಎನ್‌ಎಂ ಎರಡೇ ಚಕ್ರಗಳಿಗೆ, ಜಾರಿದರೆ ಹಿಡಿಯುವವರು ಯಾರೂ ಇಲ್ಲ. ಅದನ್ನು ಎಂ1, ಎಂ2 ಎರಡರಲ್ಲೂ ಇಡಬೇಡಿ. ಟ್ರ್ಯಾಕ್‌ನಲ್ಲಿ, ಟೈರ್ ಬಿಸಿಯಾದ ಮೇಲೆ, ಅಲ್ಲೇ ಕೈಯಾರೆ ಆರಿಸಿಕೊಳ್ಳಿ.