ಬೈಕ್ ಎಂಜಿನ್ ಆಯಿಲ್ ಲೀಕ್: ಮೊದಲು ತೊಳೆಯಿರಿ, ಆಮೇಲೆ ಹುಡುಕಿ

ಎಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ ತಕ್ಷಣ ಸ್ಪ್ಯಾನರ್ ಹಿಡಿಯಬೇಡಿ. ಹನಿ ಬೀಳುವ ಜಾಗವೇ ಲೀಕ್ ಆಗಿರಬೇಕೆಂದಿಲ್ಲ. ಆಯಿಲ್ ಕೆಳಗೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಒದ್ದೆ ಇರುವ ಭಾಗದಲ್ಲಿ ಎಲ್ಲಕ್ಕಿಂತ ಮೇಲೆ, ಮುಂದೆ ಇರುವ ಜಾಗ ನೋಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ ತೊಳೆದು ಒಣಗಿಸಿ. ಅನುಮಾನದ ಜಾಗಗಳಿಗೆ ಟಾಲ್ಕಮ್ ಪೌಡರ್ ತೆಳುವಾಗಿ ಉದುರಿಸಿ. ಸ್ವಲ್ಪ ಹೊತ್ತು ನಿಂತಲ್ಲೇ ಎಂಜಿನ್ ಓಡಿಸಿ, ಆರಿಸಿ, ಟಾರ್ಚ್ ಹಿಡಿದು ನೋಡಿ. ಆಯಿಲ್ ಬರುವ ಕಡೆ ಪೌಡರ್ ಕಪ್ಪಾಗಿರುತ್ತದೆ.

ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮುಚ್ಚಳ), ಕ್ಲಚ್ ಕವರ್, ಗೇರ್ ಶಾಫ್ಟ್ ಸೀಲ್, ಡ್ರೈನ್ ಬೋಲ್ಟ್ (ಹಳೆ ಆಯಿಲ್ ಹೊರಬಿಡುವ ಬೋಲ್ಟ್) ಇವನ್ನೆಲ್ಲ ಪರೀಕ್ಷಿಸಿ. ಮುಂದಿನ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಹತ್ತಿರದ ಜಿಡ್ಡು ಬರೀ ಚೈನ್ ಲೂಬ್ ಇರಬಹುದು, ಗಾಬರಿ ಬೇಡ.

ಡ್ರೈನ್ ಬೋಲ್ಟ್‌ನಲ್ಲಿ ಸೋರಿದರೆ ಹೊಸ ವಾಷರ್ ಹಾಕಿ. ದಯವಿಟ್ಟು ಜಾಸ್ತಿ ಬಿಗಿಯಬೇಡಿ! ಅಲ್ಯೂಮಿನಿಯಂ ಥ್ರೆಡ್ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಗ್ಯಾಸ್ಕೆಟ್ (ಕವರ್ ಮತ್ತು ಎಂಜಿನ್ ನಡುವಿನ ಸೋರಿಕೆ ತಡೆಯುವ ಪದರ) ಹೋಗಿದ್ದರೆ ಹಳೆಯದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ, ಮೇಲ್ಮೈ ಗೀರಬಾರದು. ಬೋಲ್ಟ್‌ಗಳನ್ನು ಎದುರುಬದುರಾಗಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆಗೆ) ಬಿಗಿಯಿರಿ. ಮೇಲಿಂದ ಸಿಲಿಕೋನ್ ಅಂಟು ಮೆತ್ತುವುದು ನನಗಂತೂ ಸರಿ ಕಾಣುವುದಿಲ್ಲ. ಒಳಗೆ ಹೆಚ್ಚಾಗಿ ಹಚ್ಚಿದರೆ ಅದು ಉದುರಿ ಆಯಿಲ್ ದಾರಿಯನ್ನೇ ಮುಚ್ಚಬಹುದು.

ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತಿದೆಯಾ? ಆಯಿಲ್ ಮಟ್ಟ ಮೀರಿದೆಯಾ, ಬ್ರೀದರ್ ಪೈಪ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಕಟ್ಟಿಕೊಂಡಿದೆಯಾ ನೋಡಿ. ಒಳಗಿನ ಒತ್ತಡ ಹೆಚ್ಚಾದರೆ ಒಳ್ಳೆಯ ಸೀಲ್ ಕೂಡ ತಡೆಯುವುದಿಲ್ಲ.

ಹಿಂದಿನ ಟೈರ್ ಅಥವಾ ಬ್ರೇಕ್ ಮೇಲೆ ಆಯಿಲ್ ಕಂಡರೆ ಮಾತ್ರ ಗಾಡಿ ಓಡಿಸಲೇಬೇಡಿ.